ಬಾಲ್ಕನಿಯ ಸೀತಾಳೆ ಕಾಯಿ ಕಟ್ಟುವುದಿಲ್ಲ, ಏಕೆ?

ಊರಿಗೆ ಹೋದವರ ಕಾರಿನ ಡಿಕ್ಕಿಯಲ್ಲಿ ಮಲೆನಾಡಿನ ಸೀತಾಳೆದಂಡೆ ಎಂಬ ಆರ್ಕಿಡ್ ಬೆಂಗಳೂರಿನ ಬಾಲ್ಕನಿಗಳಿಗೆ ಬಂದು ಸೇರುತ್ತದೆ. ಒಂದೆರಡು ಮಳೆಗಾಲ ಹೂವನ್ನೂ ಬಿಡುತ್ತದೆ, ಕಾಯಿ ಮಾತ್ರ ಕಟ್ಟುವುದಿಲ್ಲ. ಇದು ಮರದ ರಸ ಹೀರುವ ಬಂದಣಿಕೆ ಎನ್ನುತ್ತಾರೆ ಕೆಲವರು. ತಂದದ್ದೇ ಅಪರಾಧ ಎಂದು ಇನ್ನು ಕೆಲವರು. ತಂದಿದ್ದರಿಂದಲೇ ಉಳಿಯಿತು ಎಂದು ಮತ್ತೆ ಕೆಲವರು. ಈ ಮೂರು ವಾದಗಳಲ್ಲೂ ಕಾಯಿ ಕಟ್ಟಿಸುವ ಕೀಟದ ಮಾತು ಬರುವುದಿಲ್ಲ.

ಬಂದಣಿಕೆಯ ಗೊಂದಲ ಸುಲಭದ್ದು. ಬಂದಣಿಕೆ ಕೊಂಬೆಯೊಳಕ್ಕೆ ಬೇರು ಇಳಿಸುತ್ತದೆ. ಸೀತಾಳೆ ತೊಗಟೆಯನ್ನು ಹಿಡಿದು ಕೂತಿರುತ್ತದೆ ಅಷ್ಟೆ. ಅದರ ಬೇರಿನ ಮೇಲಿನ ಬಿಳಿ ಸ್ಪಂಜಿನಂಥ ಪದರ ನೀರು ಹಿಡಿಯುವುದು ಮಳೆಯಿಂದ. ಅಪಾರ್ಟ್‌ಮೆಂಟ್ ಆವರಣದ ಹಳೆಯ ಮರಗಳಿಂದ ಇವನ್ನು ಕೆರೆದು ತೆಗೆಸುವುದಕ್ಕೆ ಕಾರಣವೇ ಇಲ್ಲ.

ಹೂವಿನ ಕಥೆ ಹಳೆಯದು. ಕೆಲವು ಆರ್ಕಿಡ್‌ಗಳ ಹೂವಿನ ಹಿಂದೆ ಕೊಳವೆಯಂತೆ ಚಾಚಿದ ಕೊಂಬಿನಲ್ಲಿ ಮಕರಂದವೇ ಇಲ್ಲ, ಇವು ಕೀಟಗಳನ್ನು ಮೋಸಗೊಳಿಸುತ್ತವೆ ಎಂದು ಜರ್ಮನಿಯ ಸ್ಪ್ರೆಂಗೆಲ್ 1793ರಲ್ಲೇ ಬರೆದಿದ್ದ. ಡಾರ್ವಿನ್ ಅದನ್ನು ನಂಬಲಿಲ್ಲ. ಆದರೆ ಹೂವಿನ ಯಂತ್ರವನ್ನು ಬಿಡಿಸಿ ತೋರಿಸಿದ್ದು ಅವನೇ, 1862ರಲ್ಲಿ. ಆರ್ಕಿಡ್‌ನ ಪರಾಗ ಪುಡಿಯಾಗಿ ಉದುರುವುದಿಲ್ಲ, ಉಂಡೆಯಾಗಿರುತ್ತದೆ. ಹಲವು ಜಾತಿಗಳಲ್ಲಿ ಉಂಡೆಗೆ ಸಣ್ಣ ತೊಟ್ಟು, ತೊಟ್ಟಿನ ತುದಿಗೆ ಅಂಟುಬಿಲ್ಲೆ. ಯುರೋಪಿನ ಆರ್ಕಿಸ್ ಹೂವಿನೊಳಗೆ ಚೂಪು ಪೆನ್ಸಿಲ್ ತೂರಿಸಿ ತೆಗೆದರೆ ಉಂಡೆಗಳು ಅದರ ತುದಿಗೆ ನೆಟ್ಟಗೆ ಅಂಟಿ ಬರುತ್ತವೆ. ಸುಮಾರು 30 ಸೆಕೆಂಡಿನಲ್ಲಿ ತೊಟ್ಟು ಮುಂದಕ್ಕೆ ಬಾಗುತ್ತದೆ. ನೆಟ್ಟಗಿದ್ದಾಗ ಮುಂದಿನ ಹೂವಿನಲ್ಲಿ ಪರಾಗ ಹಿಡಿಯುವ ಶಲಾಕಾಗ್ರಕ್ಕೆ ತಾಗದ ಉಂಡೆ ಬಾಗಿದ ಮೇಲೆ ಸರಿಯಾಗಿ ಅಲ್ಲಿಗೇ ತಾಗುತ್ತದೆ. ಅಷ್ಟರೊಳಗೆ ಕೀಟ ಬೇರೆ ಗಿಡಕ್ಕೆ ಹಾರಿರುತ್ತದೆ. ತನ್ನ ಪರಾಗ ತನಗೇ ಬೀಳದಿರಲಿ ಎಂದು ಇಷ್ಟೆಲ್ಲ.

ಮೋಸದ ವಿಷಯದಲ್ಲಿ ಕೊನೆಗೆ ಸರಿಯಾದವನು ಸ್ಪ್ರೆಂಗೆಲ್. ಆರ್ಕಿಡ್‌ಗಳಲ್ಲಿ ಸುಮಾರು ಮೂರನೇ ಒಂದು ಪಾಲು ಕೀಟಕ್ಕೆ ಏನನ್ನೂ ಕೊಡುವುದಿಲ್ಲ. ಪಕ್ಕದ ಮಕರಂದದ ಹೂವಿನ ಹಾಗೆ ಕಾಣುವುದು ಒಂದು ಬಗೆ. ಆಫ್ರಿಸ್ ಕುಲದ ಹೂವು ಹೆಣ್ಣು ಕೀಟದ ವಾಸನೆಯನ್ನೇ ಬೀರಿ ಗಂಡನ್ನು ಕರೆಯುತ್ತದೆ. ಇದನ್ನು ಅಲ್ಜೀರಿಯಾದಲ್ಲಿ ನೋಡಿದ ಪುಯಾನ್‌ನ ವರದಿ 1916ರಲ್ಲಿ ಪ್ರಕಟವಾಯಿತು. ಪಶ್ಚಿಮಘಟ್ಟದಲ್ಲಿ ಮಳೆಗಾಲಕ್ಕೆ ಅರಳುವ ಹಲವು ಬಿಳಿ ಹೆಬೆನೇರಿಯಾಗಳು ಮೋಸದವಲ್ಲ. ಉದ್ದ ಕೊಂಬಿನ ತಳದಲ್ಲಿ ಮಕರಂದವಿಟ್ಟು, ಸಂಜೆಯಾದ ಮೇಲೆ ಘಮ ಬಿಟ್ಟು, ಅಷ್ಟೇ ಉದ್ದ ನಾಲಗೆಯ ಪತಂಗವನ್ನು ಕರೆಯುತ್ತವೆ. ಮೋಸದ ಹೂವಿಗೆ ಬೆಲೆಯೂ ಇದೆ. ದುಂಬಿ ಬೇಗ ಕಲಿತುಬಿಡುತ್ತದೆ. ಗೊಂಚಲು ತುಂಬ ಅರಳಿದರೂ ಕಾಯಿಗೆ ನಿಲ್ಲುವುದು ಒಂದೋ ಎರಡೋ. ಆ ಒಂದು ಕಾಯಲ್ಲೇ ಸಾವಿರಾರು, ಕೆಲವು ಜಾತಿಗಳಲ್ಲಿ ಲಕ್ಷಗಟ್ಟಲೆ ಬೀಜ.

ಆದರೆ ಆ ಬೀಜಕ್ಕೆ ಬುತ್ತಿಯಿಲ್ಲ. ಶಿಲೀಂಧ್ರದ ನೆರವಿಲ್ಲದೆ ಅದು ಮೊಳೆಯುವುದಿಲ್ಲ ಎಂದು 1899ರಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಬರ್ನಾರ್ ಕಂಡುಕೊಂಡ. ಶಿಲೀಂಧ್ರದ ಬದಲು ಸಕ್ಕರೆ ಕೊಟ್ಟರೆ ಸಾಕೆಂದು 1922ರಲ್ಲಿ ಅಮೆರಿಕದ ನಡ್ಸನ್ ತೋರಿಸಿದ. 1960ರಲ್ಲಿ ಫ್ರಾನ್ಸಿನ ಮೊರೆಲ್ ಗಿಡದ ತುದಿಯಿಂದಲೇ ನಕಲು ಗಿಡ ಬೆಳೆಸುವ ದಾರಿ ತೆರೆದ. ಕೆ.ಆರ್. ಮಾರುಕಟ್ಟೆಯ ನೇರಳೆ ಡೆಂಡ್ರೋಬಿಯಂ ಆರ್ಕಿಡ್ ಬಂದದ್ದು ಆ ದಾರಿಯಲ್ಲಿ. ಕೀಟ ಇಲ್ಲದೆಯೂ ಆರ್ಕಿಡ್ ನಡೆಯುತ್ತದೆ ಎಂಬ ಭಾವನೆಯೂ ಅದರ ಜೊತೆಗೇ ಬಂತು.

ಕಾನೂನು ಬಂದದ್ದು ಆಮೇಲೆ. 1976ರಲ್ಲಿ ಭಾರತ ಸೇರಿದ, ಅಳಿವಿನಂಚಿನ ಜೀವಿಗಳ ವ್ಯಾಪಾರ ಕುರಿತ ಸೈಟ್ಸ್ ಒಪ್ಪಂದ ಎಲ್ಲ ಆರ್ಕಿಡ್‌ಗಳಿಗೂ ಅನ್ವಯಿಸುತ್ತದೆ, ಆದರೆ ಅದು ದೇಶ ದಾಟುವ ವ್ಯಾಪಾರಕ್ಕೆ. ಕಾಡಿನ ಮರದಿಂದ ಕಿತ್ತು ತರುವುದು ಅರಣ್ಯ ಕಾನೂನಿನ ವಿಷಯ. ಎರಡನ್ನೂ ಬೆರೆಸುವುದರಿಂದಲೇ ಅರ್ಧ ಜಗಳ.

ಬಾಲ್ಕನಿಯಲ್ಲಿ ಕೈಯಿಂದ ಪರಾಗ ಇಡಬಹುದು. ಹೂವಿನ ನಡುವಿನ ಕಂಬದ ತುದಿಯ ಪುಟ್ಟ ಟೋಪಿಯನ್ನು ಹಲ್ಲುಕಡ್ಡಿಯಿಂದ ಎತ್ತಿದರೆ ಹಳದಿ ಉಂಡೆಗಳು ಅಂಟಿ ಬರುತ್ತವೆ. ಅವನ್ನು ಅದೇ ಜಾತಿಯ ಬೇರೆ ಗಿಡದ ಹೂವಿನಲ್ಲಿ, ಕಂಬದ ಕೆಳಮೈಯ ಅಂಟು ಗುಳಿಯಲ್ಲಿ ಒತ್ತಬೇಕು. ಕೂಡಿಬಂದರೆ ಕೆಲವೇ ದಿನಗಳಲ್ಲಿ ಹೂವು ಬಾಡಿ, ಹಿಂದಿನ ತೊಟ್ಟು ದಪ್ಪಗಾಗುತ್ತದೆ. ಒಂದೇ ಗಿಡದ ನಕಲುಗಳ ನಡುವೆ ಮಾಡಿದರೆ ಹಲವು ಡೆಂಡ್ರೋಬಿಯಂಗಳ ಕಾಯಿ ಹಳದಿಯಾಗಿ ಉದುರುತ್ತದೆ. ಗಿಡಕ್ಕೆ ಒಂದೆರಡು ಕಾಯಿಗಿಂತ ಹೆಚ್ಚು ಬಿಡಬಾರದು, ಸೊರಗುತ್ತದೆ. ಕಾಯಿ ಬಲಿಯಲು ತಿಂಗಳುಗಳೇ ಬೇಕು. ಬಲಿತು ಸಿಡಿದರೂ ಟೈಲ್ಸ್ ಮೇಲೆ ಬಿದ್ದ ಬೀಜ ಕಸವೇ. ಸೀಸೆಯಲ್ಲಿ ಮೊಳೆಸಲು ಲೀಟರಿಗೆ 20 ಗ್ರಾಂ ಸಕ್ಕರೆ ಬೆರೆಸಿದ, ಅಗರ್ ಎಂಬ ಕಡಲಪಾಚಿಯ ಜೆಲ್ಲಿ ಬೇಕು. ಬೀಜಕ್ಕಿಂತ ಮೊದಲು ಅದನ್ನು ಉಣ್ಣುವುದು ಬೂಷ್ಟು, ಹಾಗಾಗಿ ಇದು ಅಡುಗೆಮನೆಯ ಕೆಲಸವಲ್ಲ.

ಗಾಳಿಗೆ ಬಿದ್ದ ಅಥವಾ ರಸ್ತೆಗೆಂದು ಕಡಿದ ಸಾಲುಮರದಲ್ಲಿ ವಂಡಾ ಆರ್ಕಿಡ್ ಸಿಕ್ಕರೆ ಬೇರು ಎಳೆಯದೆ, ಸಂಬಂಧಪಟ್ಟವರನ್ನು ಕೇಳಿ, ತೊಗಟೆಯ ಚೂರಿನ ಸಮೇತ ಬಿಡಿಸಬೇಕು. ಶಿಲೀಂಧ್ರ ಇದ್ದರೆ ಅಲ್ಲೇ ಇರುತ್ತದೆ. ಮುಂಗಾರಿಗೆ ಮುಂಚೆ ಅದೇ ಬೀದಿಯ ಒರಟು ತೊಗಟೆಯ ಮಾವಿಗೆ ತೆಂಗಿನ ನಾರಿನ ಹಗ್ಗದಿಂದ ಕಟ್ಟಬೇಕು; ಸೀಬೆ, ನೀಲಗಿರಿ ಬೇಡ, ಅವು ಸಿಪ್ಪೆ ಕಳಚುತ್ತವೆ. ಎರಡು ಮೂರು ಗಿಡ ಹತ್ತಿರದಲ್ಲೇ ಇರಲಿ, ದುಂಬಿಗೆ ಹೋಗಲು ಇನ್ನೊಂದು ಹೂವು ಬೇಕು. ಹೂವು ಬಾಡಿದ ಕೂಡಲೇ ದಂಟು ಕತ್ತರಿಸುವ ಅಭ್ಯಾಸವನ್ನು ಇಲ್ಲಿ ಬಿಡಬೇಕು: ಕಾಯಿ ಇರುವುದು ಅದರಲ್ಲೇ.