ನೆನಪಿರೋರಿಗೆ ಅಂತ ಬರೆದ ರೂಲ್ಸು: ಕೊರೊನಾ ಕಾಲದಲ್ಲಿ ಡಿಮೆನ್ಷಿಯಾ ಇದ್ದೋರಿಗೆ ಆಗಿದ್ದೇನು

ಕೈ ತೊಳ್ಕೊಳಿ, ಮಾಸ್ಕ್ ಹಾಕ್ಕೊಳಿ, ದೂರ ನಿಂತ್ಕೊಳಿ, ಜ್ವರ ಕೆಮ್ಮು ಬಂದ್ರೆ ಫೋನ್ ಮಾಡಿ. 2020ರಲ್ಲಿ ಯಾವ ದೇಶ ತಗೊಂಡ್ರೂ ಜನರಿಗೆ ಹೇಳಿದ್ದು ಹೆಚ್ಚುಕಮ್ಮಿ ಇಷ್ಟೇ. ಇದನ್ನ ಪಾಲಿಸ್ಬೇಕು ಅಂದ್ರೆ ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ನೆನಪಿರ್ಬೇಕು, ಮುಖ ಮುಚ್ಕೊಂಡು ಎದುರಿಗೆ ಬಂದೋರು ಯಾರು ಅಂತ ಗುರುತು ಸಿಗ್ಬೇಕು, ಮೈ ಸರಿ ಇಲ್ಲ ಅಂತ ತಾನಾಗೇ ಬಾಯ್ಬಿಟ್ಟು ಹೇಳೋಕೆ ಬರ್ಬೇಕು. ಡಿಮೆನ್ಷಿಯಾ ಅಂದ್ರೆ ಇವೆಲ್ಲ ಒಂದೊಂದಾಗಿ ಕೈತಪ್ಪಿ ಹೋಗೋ ಕಾಯಿಲೆ. ಆಗ ಪ್ರಪಂಚದಲ್ಲಿ ಅದು ಇದ್ದೋರು ಸುಮಾರು 5.5 ಕೋಟಿ ಜನ.

ಈಗ ಇದ್ರ ಮಾತು ಬಂದ್ರೆ ಒಬ್ರು ಐಸಿಯು ಬಗ್ಗೆ ಹೇಳ್ತಾರೆ, ಇನ್ನೊಬ್ರು ವಿಸಿಟರ್ಸ್ ಬ್ಯಾನ್ ಬಗ್ಗೆ, ಮತ್ತೊಬ್ರು ಕೋರ್ಟ್ ಕೇಸ್ ಬಗ್ಗೆ, ಎಲ್ಲಾ ಸಿಕ್ಕುಸಿಕ್ಕಾಗಿದೆ. ಸ್ವಲ್ಪ ಹಿಂದಿನಿಂದ ಬಿಡಿಸ್ಕೊಂಡು ಬರೋಣ.

1906ರಲ್ಲಿ ಜರ್ಮನಿಯ ಡಾಕ್ಟರ್ ಆಲೋಯಿಸ್ ಆಲ್ಝೈಮರ್, 51ನೇ ವಯಸ್ಸಿಗೇ ಮರೆವು ಹೆಚ್ಚಾಗಿ ಆಸ್ಪತ್ರೆ ಸೇರಿದ್ದ ಒಬ್ಬ ಹೆಂಗಸಿನ ಮಿದುಳಲ್ಲಿ ಕಂಡದ್ದನ್ನ ವೈದ್ಯರ ಸಭೇಲಿ ಹೇಳಿದ್ರು. 1910ರಲ್ಲಿ ಆ ಕಾಯಿಲೆಗೆ, ಅಂದ್ರೆ ಡಿಮೆನ್ಷಿಯಾ ತರೋ ಕಾಯಿಲೆಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದಕ್ಕೆ, ಆಲ್ಝೈಮರ್ ಅಂತ ಅವ್ರ ಹೆಸರೇ ಬಂತು, ಅಲ್ಲಿಂದ ಆರೂವರೆ ದಶಕ ಅದು ನಡುವಯಸ್ಸಲ್ಲಿ ಬರೋ ಅಪರೂಪದ ಕಾಯಿಲೆ ಅಂತಾನೇ ಉಳೀತು. ವಯಸ್ಸಾದೋರು ಮರೆತ್ರೆ ಅದು ಕಾಯಿಲೆ ಅಲ್ಲ, ಅರಳು ಮರಳು. 1976ರಲ್ಲಿ ಅಮೆರಿಕದ ನ್ಯೂರಾಲಜಿಸ್ಟ್ ರಾಬರ್ಟ್ ಕಾಟ್ಜ್‌ಮನ್ ಎರಡೂ ಒಂದೇ, ಜೀವ ತೆಗೆಯೋ ದೊಡ್ಡ ಕಾಯಿಲೆಗಳಲ್ಲಿ ಇದೂ ಒಂದು ಅಂತ ಬರೆದ ಮೇಲೇ ಗಾಳಿ ತಿರುಗಿದ್ದು. 2006ರಲ್ಲಿ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದ ಬಂತು, ಡಿಮೆನ್ಷಿಯಾ ಇದ್ದೋರೂ ಅದ್ರಲ್ಲಿ ಸೇರ್ತಾರೆ, ಅದ್ರ 11ನೇ ವಿಧಿ ವಿಪತ್ತಿನ ಹೊತ್ತಲ್ಲೂ ಇವ್ರನ್ನ ಕಾಪಾಡ್ಬೇಕು ಅನ್ನುತ್ತೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಡಿಮೆನ್ಷಿಯಾಗೇ ಅಂತ ಒಂದು ಜಾಗತಿಕ ಯೋಜನೆ ಮಾಡಿ, 2025ರೊಳಗೆ ನೂರಕ್ಕೆ 75 ದೇಶಗಳಲ್ಲಾದ್ರೂ ಇದಕ್ಕೊಂದು ನೀತಿ ಇರ್ಬೇಕು ಅಂತ ಗುರಿ ಇಟ್ಕೊಳ್ತು. 2021ರಲ್ಲಿ ಅವ್ರೇ ಲೆಕ್ಕ ಹಾಕಿದಾಗ ನೀತಿ ಇದ್ದದ್ದು ಕಾಲು ಭಾಗ ದೇಶಗಳಲ್ಲಿ ಮಾತ್ರ.

ಕೊರೊನಾಗೂ ಮುಂಚಿನ ಒಂದು ಘಟನೆ ಇಲ್ಲಿ ಹೇಳ್ಲೇಬೇಕು, ಯಾಕಂದ್ರೆ ಮುಂದೆ ಆಗೋದೆಲ್ಲಾ ಅದ್ರಲ್ಲೇ ಕಾಣುತ್ತೆ. 2014ರ ಶುರುವಲ್ಲಿ ಇಂಗ್ಲೆಂಡಲ್ಲಿ ಜಾನ್ ಜೆರಾರ್ಡ್ ಅನ್ನೋ ಡಿಮೆನ್ಷಿಯಾ ಇದ್ದ ಹಿರಿಯರು ಕಾಲಿನ ಹುಣ್ಣಿಗೆ ಅಂತ ಆಸ್ಪತ್ರೆ ಸೇರಿದ್ರು. ಅದೇ ಹೊತ್ತಿಗೆ ವಾರ್ಡಲ್ಲಿ ವಾಂತಿ ಭೇದಿ ತರೋ ನೋರೊವೈರಸ್ ಹಬ್ಬಿ, ಮನೆಯವ್ರು ಬಂದು ನೋಡೋಕೆ ಕಟ್ಟುನಿಟ್ಟು ಮಾಡಿದ್ರು. ಐದು ವಾರ ಆದ್ಮೇಲೆ ಅವ್ರು ಮನೆಗೆ ಬಂದಾಗ ಹುಣ್ಣು ವಾಸಿಯಾಗಿತ್ತು, ಮನುಷ್ಯ ಮಾತ್ರ ಎಲುಬಿನ ಗೂಡಾಗಿದ್ರು, ನಡೆಯೋಕಾಗ್ತಿರ್ಲಿಲ್ಲ, ಮಾತು ಹೋಗಿತ್ತು. ಆ ನವೆಂಬರಲ್ಲಿ ತೀರ್ಕೊಂಡ್ರು. ಅವ್ರ ಮಗಳು, ಕಾದಂಬರಿಗಾರ್ತಿ ನಿಕ್ಕಿ ಜೆರಾರ್ಡ್, ಗೆಳತಿ ಜೂಲಿಯಾ ಜೋನ್ಸ್ ಜೊತೆ ಸೇರಿ ಜಾನ್ಸ್ ಕ್ಯಾಂಪೇನ್ ಶುರು ಮಾಡಿದ್ರು. ಬೇಡಿಕೆ ಒಂದೇ, ಡಿಮೆನ್ಷಿಯಾ ಇದ್ದೋರ ಜೊತೆ ಅವ್ರನ್ನ ನೋಡ್ಕೊಳ್ಳೋರು ಇರೋಕೆ ಬಿಡಿ. ಬಹಳಷ್ಟು ಆಸ್ಪತ್ರೆಗಳು ಒಪ್ಕೊಂಡ್ವು ಕೂಡ. 2020 ಬಂದಾಗ ಆ ಒಪ್ಪಿಗೆ ವಾರಗಳಲ್ಲೇ ಕಳಚಿ ಬಿತ್ತು.

2020ರ ಮಾರ್ಚ್ 11ಕ್ಕೆ ಮಹಾಮಾರಿ ಅಂತ ಘೋಷಣೆ ಆಯ್ತು. ಎರಡೇ ದಿನಕ್ಕೆ ಅಮೆರಿಕ ನರ್ಸಿಂಗ್ ಹೋಮ್‌ಗಳಿಗೆ (ನಮ್ಮಲ್ಲಿಯ ಹಾಗೆ ಆಸ್ಪತ್ರೆ ಅಲ್ಲ, ಹಿರಿಯರು ಅಲ್ಲೇ ಇದ್ದು ಆರೈಕೆ ಪಡೆಯೋ ಜಾಗ, ಇಂಗ್ಲೆಂಡಲ್ಲಿ ಕೇರ್ ಹೋಮ್ ಅಂತಾರೆ) ವಿಸಿಟರ್ಸ್ ಬರೋದನ್ನ ನಿಲ್ಲಿಸ್ತು, 20ಕ್ಕೆ ನೆದರ್ಲೆಂಡ್ಸ್ ನಿಲ್ಲಿಸ್ತು. ಅದೇ 20ಕ್ಕೆ ಇಂಗ್ಲೆಂಡಲ್ಲಿ ಯಾರಿಗೆ ಐಸಿಯು ಅನ್ನೋ ಗೈಡ್‌ಲೈನ್ ಬಂತು. ಅದ್ರಲ್ಲಿ ಕ್ಲಿನಿಕಲ್ ಫ್ರೇಲ್ಟಿ ಸ್ಕೇಲ್ ಅಂತ ಒಂದು ಅಳತೆ ಇದೆ, ಮನುಷ್ಯ ಎಷ್ಟು ಕುಗ್ಗಿದ್ದಾನೆ ಅಂತ 1ರಿಂದ 9ರವರೆಗೆ ನಂಬರ್ ಕೊಡೋದು. 5 ಅಥವಾ ಜಾಸ್ತಿ ಬಂದ್ರೆ ಐಸಿಯು ಬೇಕಾ ಅಂತ ಯೋಚಿಸಿ ಅಂತ ಇತ್ತು. ವಿಷಯ ಏನಂದ್ರೆ ಆ ಅಳತೆ ಪ್ರಕಾರ ಶುರುವಿನ ಹಂತದ ಡಿಮೆನ್ಷಿಯಾ ಇದ್ರೇನೇ 5, ಅಂದ್ರೆ ಗಟ್ಟಿಮುಟ್ಟಾಗಿ ವಾಕಿಂಗ್ ಹೋಗೋ ಮನುಷ್ಯನೂ ಗೆರೆಯ ಆ ಕಡೆ. ಆಟಿಸಂ, ಬೌದ್ಧಿಕ ಅಂಗವೈಕಲ್ಯ ಇರೋರ ಪರವಾಗಿ ಗಲಾಟೆ ಆಗಿ ಐದು ದಿನಕ್ಕೆ ತಿದ್ದುಪಡಿ ಬಂತು, ಅವ್ರಿಗೂ 65ಕ್ಕಿಂತ ಚಿಕ್ಕೋರಿಗೂ ಇದನ್ನ ಬಳಸ್ಬೇಡಿ ಅಂತ. 65 ದಾಟಿದ ಡಿಮೆನ್ಷಿಯಾ ರೋಗಿಗಳು ಅಲ್ಲೇ ಉಳಿದ್ರು. ಒಬ್ಬೊಬ್ರನ್ನೂ ಬೇರೆಬೇರೆಯಾಗಿ ನೋಡಿ ತೀರ್ಮಾನಿಸಿ ಅಂತಾನೂ ಗೈಡ್‌ಲೈನ್ ಹೇಳಿತ್ತು, ಅದನ್ನ ಮುಚ್ಚಿಡೋ ಹಾಗಿಲ್ಲ, ಆದ್ರೆ ತುಂಬಿ ತುಳುಕ್ತಿರೋ ಎಮರ್ಜೆನ್ಸಿ ವಾರ್ಡಲ್ಲಿ ಕಣ್ಣಿಗೆ ಮೊದಲು ಬೀಳೋದು ನಂಬರ್ರೇ. ಹೃದಯ ನಿಂತ್ರೆ ಮತ್ತೆ ಬಡಿಯೋ ಹಾಗೆ ಮಾಡೋ ಪ್ರಯತ್ನ ಬೇಡ ಅನ್ನೋ ಆದೇಶಗಳ ಬಗ್ಗೆ ಅಲ್ಲಿನ ಮೇಲ್ವಿಚಾರಣಾ ಸಂಸ್ಥೆ 2021ರಲ್ಲಿ ವರದಿ ಕೊಟ್ಟಾಗ, ರೋಗಿ ಹತ್ರಾನೋ ಮನೆಯವ್ರ ಹತ್ರಾನೋ ಮಾತಾಡದೇ ಹಾಕಿದ್ದು 500ಕ್ಕೂ ಜಾಸ್ತಿ ಸಿಕ್ಕಿದ್ವು.

ಆಸ್ಪತ್ರೆ ಬಾಗಿಲಿಗೆ ಬರೋ ಮುಂಚೇನೇ ಇನ್ನೊಂದು ತೊಡಕಿತ್ತು. ಟೆಸ್ಟ್ ಸಿಗ್ತಿದ್ದದ್ದು ಜ್ವರ, ಕೆಮ್ಮು ಇದ್ರೆ. ಇವ್ರಲ್ಲಿ ಎಷ್ಟೋ ಸಲ ಸೋಂಕು ಬಂದಿದೆ ಅಂತ ಮೊದಲು ತೋರಿಸೋದು ಸನ್ನಿ, ಅಂದ್ರೆ ಇದ್ದಕ್ಕಿದ್ದಂಗೆ ಗಲಿಬಿಲಿ, ತೊದಲು, ಇಲ್ಲಾ ಊಟ ಬಿಟ್ಟು ಮಂಕಾಗಿ ಮಲಗಿಬಿಡೋದು. ಅಮೆರಿಕದ ಎಮರ್ಜೆನ್ಸಿ ವಾರ್ಡ್‌ಗಳಿಗೆ ಬಂದ 817 ಹಿರಿಯ ಕೋವಿಡ್ ರೋಗಿಗಳನ್ನ ನೋಡಿದಾಗ ನೂರಕ್ಕೆ 28 ಜನರಿಗೆ ಸನ್ನಿ ಇತ್ತು, ಹಾಗೆ ಸನ್ನಿ ಇದ್ದೋರಲ್ಲಿ ಮೂರರಲ್ಲೊಂದು ಪಾಲಿಗೂ ಜಾಸ್ತಿ ಜನರಿಗೆ ಜ್ವರ ಉಸಿರಾಟದ ಯಾವ ಗುರುತೂ ಇರ್ಲಿಲ್ಲ. ಈ ವ್ಯತ್ಯಾಸ ಹಿಡಿಯೋದು ದಿನಾ ಜೊತೇಲಿರೋರು, 'ನಿನ್ನೆ ಹೀಗಿರ್ಲಿಲ್ಲ' ಅನ್ನೋಕೆ ನಿನ್ನೆ ನೋಡಿದೋರೇ ಬೇಕು, ಅವ್ರನ್ನೇ ಹೊರಗೆ ನಿಲ್ಲಿಸಿತ್ತು.

ಇದೇ ಇಡೀ ಕಥೆಯ ಗಂಟು ಅಂತ ನನಗನ್ಸೋದು. ರೂಲ್ಸಲ್ಲಿ ಮಗಳು, ಗಂಡ, ಹೆಂಡ್ತಿ ಎಲ್ಲಾರೂ 'ವಿಸಿಟರ್' ಆದ್ರು. ಡಿಮೆನ್ಷಿಯಾ ಇದ್ದೋರನ್ನ ಹತ್ತಿರದಿಂದ ನೋಡ್ಕೊಂಡೋರಿಗೆ ಗೊತ್ತು, ತುತ್ತು ಯಾರ ಕೈಯಿಂದ ಬಂದ್ರೆ ಬಾಯಿ ತೆರೀತಾರೆ, ಯಾವ ಸದ್ದಿಗೆ ಹೆದರ್ತಾರೆ, ಕಾಲು ಒದರಿದ್ರೆ ಅದು ನೋವಾ ಬಾತ್‌ರೂಮಾ, ಇದೆಲ್ಲಾ ಯಾವ ಕೇಸ್ ಶೀಟಲ್ಲೂ ಇರಲ್ಲ, ಒಬ್ಬ ಮನುಷ್ಯನ ತಲೇಲಿರುತ್ತೆ. ಕನ್ನಡಕ ಬಂದು ಹೋಗೋ ನೆಂಟ ಅಲ್ವಲ್ಲ, ಹಾಗೇ ಇವ್ರೂ. ಕಿಟಕಿ ಗಾಜಿನ ಆಚೆ ನಿಂತು ಕೈ ಬೀಸಿದ್ರೆ ಒಳಗಿದ್ದೋರಿಗೆ ಇವ್ಳು ಯಾಕೆ ಒಳಗೆ ಬರ್ತಿಲ್ಲ ಅಂತ ಅರ್ಥ ಆಗಲ್ಲ, ವಿಡಿಯೋ ಕಾಲಲ್ಲಿ ಆ ಫೋನಿಗೂ ಮುಖಕ್ಕೂ ಸಂಬಂಧ ಸಿಗಲ್ಲ. ರೂಮಲ್ಲೇ ಇರಿ ಅಂದ್ರೆ ನೆನಪಿರಲ್ಲ, ಎದ್ದು ಓಡಾಡ್ತಾರೆ, ಸಿಬ್ಬಂದಿ ಅರ್ಧಕ್ಕರ್ಧ ಕ್ವಾರಂಟೈನಲ್ಲಿ, ಆಗ ಸುಲಭಕ್ಕೆ ಕೈಗೆ ಸಿಗೋದು ಮಾತ್ರೆ. ಇಂಗ್ಲೆಂಡಲ್ಲಿ ಮೊದಲ ಅಲೆಯ ತಿಂಗಳುಗಳಲ್ಲಿ ಡಿಮೆನ್ಷಿಯಾ ರೋಗಿಗಳಿಗೆ ಆ್ಯಂಟಿಸೈಕೋಟಿಕ್, ಅಂದ್ರೆ ತೀವ್ರ ಮಾನಸಿಕ ಕಾಯಿಲೆಗೆ ಕೊಡೋ ಮಾತ್ರೆ, ಬರೆದುಕೊಡೋದು ಹೆಚ್ಚಾಯ್ತು, ಈ ಔಷಧಿಗಳು ಇವ್ರಲ್ಲಿ ಸಾವಿನ ಅಪಾಯ ಹೆಚ್ಚಿಸ್ತವೆ ಅಂತ ಅಮೆರಿಕದಲ್ಲಿ 2005ರಲ್ಲೇ ಎಚ್ಚರಿಕೆ ಕೊಟ್ಟಿದ್ರೂ ಕೂಡ.

ವೈರಸ್ ಒಳಗೆ ಬರಬಾರ್ದು ಅಂತ ತಾನೇ ಮನೆಯವ್ರನ್ನ ತಡೆದದ್ದು? ಅದೇ ದಿನಗಳಲ್ಲಿ ಇಂಗ್ಲೆಂಡಲ್ಲಿ ಬೆಡ್ ಖಾಲಿ ಮಾಡೋಕೆ ಅಂತ ಆಸ್ಪತ್ರೆಗಳಿಂದ ಟೆಸ್ಟ್ ಮಾಡದೇ ಹಿರಿಯರನ್ನ ಕೇರ್ ಹೋಮ್‌ಗಳಿಗೆ ಕಳಿಸಲಾಯ್ತು. ಲಕ್ಷಣ ಇಲ್ದೋರಿಂದಲೂ ಸೋಂಕು ಹಬ್ಬೋ ಅಪಾಯವನ್ನ ಲೆಕ್ಕಕ್ಕೆ ತಗೊಳ್ದೇ ಹೀಗೆ ಮಾಡಿದ್ದು ಕಾನೂನಿಗೆ ವಿರುದ್ಧ ಅಂತ ಲಂಡನ್ ಹೈಕೋರ್ಟ್ 2022ರ ಏಪ್ರಿಲಲ್ಲಿ ಹೇಳ್ತು. 2020ರ ಮಾರ್ಚ್‌ನಿಂದ ಜೂನ್‌ವರೆಗೆ ಇಂಗ್ಲೆಂಡ್ ಮತ್ತು ವೇಲ್ಸಲ್ಲಿ ಕೋವಿಡ್‌ನಿಂದ ಸತ್ತ 50 ಸಾವಿರ ಚಿಲ್ಲರೆ ಜನರಲ್ಲಿ ನಾಲ್ಕರಲ್ಲೊಬ್ರಿಗೆ ಮುಖ್ಯವಾಗಿ ಇದ್ದ ಹಳೇ ಕಾಯಿಲೆ ಡಿಮೆನ್ಷಿಯಾನೇ.

ಇಷ್ಟೊತ್ತು ನಾನು ಇಂಗ್ಲೆಂಡು ಅಮೆರಿಕಾ ಅಂತಾನೇ ಹೇಳ್ತಿದೀನಿ, ಅದಕ್ಕೂ ಕಾರಣ ಇದೆ. ಡಿಮೆನ್ಷಿಯಾ ಇದ್ದೋರಲ್ಲಿ ನೂರಕ್ಕೆ 60ಕ್ಕೂ ಜಾಸ್ತಿ ಜನ ಇರೋದು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ, ಅಲ್ಲಿ ಹೆಚ್ಚಿನೋರಿಗೆ ಕಾಯಿಲೆ ಇದೆ ಅಂತ ಡಾಕ್ಟರ್ ಬರೆದೇ ಕೊಟ್ಟಿರಲ್ಲ, ಹಂಗಾಗಿ ಡೆತ್ ಸರ್ಟಿಫಿಕೇಟಲ್ಲೂ ಬರಲ್ಲ, ಲೆಕ್ಕಕ್ಕೂ ಸಿಗಲ್ಲ. ಲೆಕ್ಕ ಇಟ್ಟ ದೇಶದೊಳಗೂ ಎಲ್ಲಾರಿಗೂ ಒಂದೇ ತರ ಇರ್ಲಿಲ್ಲ. ಅಮೆರಿಕದಲ್ಲಿ 6 ಕೋಟಿಗೂ ಹೆಚ್ಚು ಜನರ ದಾಖಲೆ ನೋಡಿದ ಅಧ್ಯಯನದಲ್ಲಿ ಡಿಮೆನ್ಷಿಯಾ ಇದ್ದೋರಿಗೆ ಕೋವಿಡ್ ತಗಲೋ ಅಪಾಯ ಎರಡು ಪಟ್ಟು, ಡಿಮೆನ್ಷಿಯಾ ಇದ್ದ ಬಿಳಿಯರಿಗೆ ಹೋಲಿಸಿದ್ರೆ ಡಿಮೆನ್ಷಿಯಾ ಇದ್ದ ಕಪ್ಪುಜನರಿಗೆ ಮೂರು ಪಟ್ಟಿನ ಹತ್ತಿರ.

ಲಸಿಕೆ ವಿಷಯದಲ್ಲಿ ಕೇರ್ ಹೋಮ್ ಹಿರಿಯರನ್ನ ಬ್ರಿಟನ್ ಪಟ್ಟಿಯ ತುದೀಲೇ ಇಟ್ಟಿತ್ತು, ಅದು ಸರಿಯಾಗೇ ಆಯ್ತು. ಆದ್ರೆ ಮೆಮೊರಿ ಕ್ಲಿನಿಕ್‌ಗಳು ಮುಚ್ಚಿದ್ದರಿಂದ ಇಂಗ್ಲೆಂಡಲ್ಲಿ ಕಾಯಿಲೆ ಪತ್ತೆಯಾಗೋ ಪ್ರಮಾಣ ಅಂದಾಜು ರೋಗಿಗಳಲ್ಲಿ ನೂರಕ್ಕೆ 67ರಿಂದ 62ರ ಆಸುಪಾಸಿಗೆ ಇಳೀತು.

ಹೊರಗೆ ನಿಂತಿದ್ದೋರು ಸುಮ್ನಿರ್ಲಿಲ್ಲ. ನೆದರ್ಲೆಂಡ್ಸ್ 2020ರ ಮೇನಲ್ಲೇ 26 ನರ್ಸಿಂಗ್ ಹೋಮ್‌ಗಳಲ್ಲಿ ಪ್ರಯೋಗಕ್ಕೆ ಅಂತ ಬಾಗಿಲು ತೆರೀತು, ಒಬ್ಬೊಬ್ರಿಗೆ ಒಬ್ರೇ ಬರ್ಬಹುದು ಅಂತ. 2021ರ ನವೆಂಬರಲ್ಲಿ ಟೆಕ್ಸಾಸ್ ಜನ ವೋಟು ಹಾಕಿ, ಇಂಥಾ ಕಡೆ ಇರೋರಿಗೆ ತಮ್ಮೋರೊಬ್ರು ಬಂದು ಹೋಗೋದನ್ನ ತಡೆಯೋ ಹಾಗಿಲ್ಲ ಅಂತ ರಾಜ್ಯದ ಸಂವಿಧಾನಕ್ಕೇ ಸೇರಿಸಿದ್ರು. ಇಂಗ್ಲೆಂಡಲ್ಲಿ 2024ರ ಏಪ್ರಿಲ್ 6ರಿಂದ ಹೊಸ ನಿಯಮ ಬಂದಿದೆ, ತೀರಾ ಅಸಾಧಾರಣ ಪರಿಸ್ಥಿತಿ ಬಿಟ್ರೆ ಆಸ್ಪತ್ರೆಯಾಗ್ಲಿ ಕೇರ್ ಹೋಮಾಗ್ಲಿ ನೋಡೋಕೆ ಬರೋರನ್ನ ತಡೀಬಾರ್ದು ಅಂತ. ಇನ್ನೊಂದು ಮಹಾಮಾರಿ ಬಂದ್ರೆ ಅದನ್ನ 'ಅಸಾಧಾರಣ' ಅನ್ನದೇ ಇರ್ತಾರಾ ಅನ್ನೋದು ನನ್ನ ಪ್ರಶ್ನೆ. 2025ರ ಮೇನಲ್ಲಿ ದೇಶಗಳು ಒಪ್ಪಿದ ಮಹಾಮಾರಿ ಒಪ್ಪಂದದಲ್ಲೂ ಸಮಾನತೆ ಅನ್ನೋ ಮಾತು ಹೆಚ್ಚಾಗಿ ಲಸಿಕೆ, ಔಷಧಿ ದೇಶ ದೇಶಗಳ ನಡುವೆ ಹೇಗೆ ಹಂಚ್ಬೇಕು ಅನ್ನೋದ್ರ ಸುತ್ತಾನೇ ಇದೆ. ಇನ್ನು ಡಿಮೆನ್ಷಿಯಾ ಇದ್ದೋರಲ್ಲಿ ಹೆಚ್ಚಿನೋರು ಇರೋದು ಕೇರ್ ಹೋಮಲ್ಲಲ್ಲ, ಮನೇಲಿ, ಅಲ್ಲಿ ಒಬ್ಳು ಹೆಂಡ್ತಿನೋ ಮಗಳೋ ಡೇ ಕೇರ್ ಮುಚ್ಚಿದ ಮೇಲೆ ಹಗಲೂ ರಾತ್ರಿ ಒಬ್ಳೇ ನೋಡ್ಕೊಂಡ್ಳು, ಅವ್ಳಿಗೇ ಜ್ವರ ಬಂದ್ರೆ ಯಾರನ್ನ ಕಳಿಸ್ಬೇಕು ಅನ್ನೋದು ಈ ಯಾವ ಕಾನೂನಲ್ಲೂ ಬರೆದಿಲ್ಲ.