ಅಧ್ಯಯನ ಟಿಪ್ಪಣಿ: ಮೊದಲ ಸರ್ಫ್‌ಬೋರ್ಡ್‌ಗೆ ಎಷ್ಟು ಲೀಟರ್ ಬೇಕು?

ಸರ್ಫಿಂಗ್ ಅಂದ ತಕ್ಷಣ ಕಣ್ಮುಂದೆ ಬರುವುದು ಬೋರ್ಡ್ ಮೇಲೆ ನಿಂತು ಅಲೆಯಲ್ಲಿ ಜಾರುವ ಚಿತ್ರ, ಅಲ್ವಾ? ಆದರೆ ಕಲಿಯುವವರು ಒಂದು ಗಂಟೆ ನೀರಿನಲ್ಲಿದ್ದರೂ ನಿಲ್ಲುವುದು ಕೆಲವೇ ಸೆಕೆಂಡ್. ಮಿಕ್ಕ ಹೊತ್ತೆಲ್ಲ ಬೋರ್ಡ್ ಮೇಲೆ ಬೋರಲು ಮಲಗಿ ಕೈಯಿಂದ ನೀರು ಎಳೆಯುವುದು, ಆಮೇಲೆ ಅಲೆಗೆ ಕಾಯುವುದು. ಹೀಗೆ ಕೈಯಿಂದ ಎಳೆಯುವುದಕ್ಕೆ ಪ್ಯಾಡಲ್ ಅನ್ನುತ್ತಾರೆ. ಇದು ಸುಲಭವಾದರೆ ಅಲೆ ಸಿಗುತ್ತದೆ, ಅಲೆ ಸಿಕ್ಕರೆ ಮಾತ್ರ ನಿಲ್ಲುವ ಅಭ್ಯಾಸ. ಮೊದಲ ಬೋರ್ಡನ್ನು ನಾವು ಆರಿಸಬೇಕಾದ್ದು ಪ್ಯಾಡಲ್‌ಗೋಸ್ಕರ.

ಲೀಟರ್ ಅಂದರೇನು

ಬೋರ್ಡ್ ಮೇಲೆ ಉದ್ದ, ಅಗಲ, ದಪ್ಪ ಬರೆದಿರುತ್ತಾರೆ. ಉದ್ದ ಅಡಿಯಲ್ಲಿ, ಉಳಿದೆರಡು ಇಂಚಿನಲ್ಲಿ. ಜೊತೆಗೆ ಎಷ್ಟೋ ಬೋರ್ಡ್‌ಗಳಲ್ಲಿ ಲೀಟರ್ ಕೂಡ ಇರುತ್ತದೆ. ಅದು ಬೋರ್ಡಿನ ಗಾತ್ರ, ಅಂದರೆ ಪೂರ್ತಿ ಮುಳುಗಿಸಿದರೆ ಅದು ಎಷ್ಟು ನೀರನ್ನು ಪಕ್ಕಕ್ಕೆ ತಳ್ಳುತ್ತದೆ ಅನ್ನುವ ಲೆಕ್ಕ.

ಒಂದು ಲೀಟರ್ ನೀರು ಸುಮಾರು ಒಂದು ಕಿಲೋ ತೂಗುತ್ತದೆ. ಹಾಗಾಗಿ 70 ಲೀಟರಿನ, 6 ಕಿಲೋ ತೂಕದ ಬೋರ್ಡ್ ತನ್ನ ತೂಕ ಕಳೆದು ಸುಮಾರು 64 ಕಿಲೋ ಹೊರಬಲ್ಲದು. ಉಪ್ಪುನೀರು ಸ್ವಲ್ಪ ಭಾರ, ಅದರಿಂದ ಇನ್ನೊಂದೆರಡು ಕಿಲೋ ಲಾಭ. ಕಲಿಯುವವರಿಗೆ ಹೇಳುವ ಸೂತ್ರ ಬಂದಿರುವುದು ಇಲ್ಲಿಂದಲೇ: ನಿಮ್ಮ ತೂಕ ಎಷ್ಟು ಕಿಲೋ ಇದೆಯೋ ಕನಿಷ್ಠ ಅಷ್ಟು ಲೀಟರ್ ಇರಲಿ, ಅದಕ್ಕಿಂತ ಜಾಸ್ತಿಯಾದರೆ ಇನ್ನೂ ಒಳ್ಳೆಯದು. ಪಳಗಿದವರು ತಮ್ಮ ತೂಕದ ಅರ್ಧಕ್ಕಿಂತ ಕಡಿಮೆ ಲೀಟರಿನ ಬೋರ್ಡಲ್ಲೂ ಅಲೆ ಹಿಡಿಯುತ್ತಾರೆ. ಅದು ವರ್ಷಗಟ್ಟಲೆ ಪ್ಯಾಡಲ್ ಮಾಡಿ ಬಂದ ತೋಳಿನ ಶಕ್ತಿ. ಅವರನ್ನು ನೋಡಿ ಬೋರ್ಡ್ ತರಬೇಡಿ.

ಲೀಟರ್ ಬರೆದಿಲ್ಲದಿದ್ದರೆ ಸುಮ್ನೆ ಅಂದಾಜು ಹಾಕಬಹುದು. 8 ಅಡಿ ಅಂದರೆ 96 ಇಂಚು. ಅಗಲ 22, ದಪ್ಪ 3 ಇದ್ದರೆ ಗುಣಿಸಿದಾಗ 6336 ಘನ ಇಂಚು, ಅಂದರೆ 104 ಲೀಟರಿನ ಪೆಟ್ಟಿಗೆ. ಬೋರ್ಡ್ ತುದಿಯಲ್ಲಿ ಚೂಪಾಗಿ, ಅಂಚಿನಲ್ಲಿ ತೆಳ್ಳಗಾಗುವುದರಿಂದ ನಿಜವಾದ ಗಾತ್ರ ಆ ಪೆಟ್ಟಿಗೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. 60ರ ಆಸುಪಾಸು ಅಂದುಕೊಳ್ಳಿ.

ಲೀಟರ್ ಒಂದೇ ಸಾಲದು

ಇಲ್ಲಿ ತುಂಬಾ ಜನ ಎಡವುತ್ತಾರೆ. ಗಿಡ್ಡ ಬೋರ್ಡನ್ನು ದಪ್ಪ ಮಾಡಿದರೂ ಲೀಟರ್ ಹೆಚ್ಚುತ್ತದೆ, ಆದರೆ ಉದ್ದ ಬೋರ್ಡಿನ ಹಾಗೆ ಅದು ಜಾರುವುದಿಲ್ಲ. ಉದ್ದ ಬೋರ್ಡ್ ಒಮ್ಮೆ ವೇಗ ಹಿಡಿದರೆ ಎರಡು ಕೈಬೀಸಿನ ನಡುವೆಯೂ ಮುಂದೆ ಸಾಗುತ್ತಲೇ ಇರುತ್ತದೆ. ಅಲೆ ಇನ್ನೂ ಕಡಿದಾಗುವ ಮೊದಲೇ ಅದರೊಳಗೆ ಸೇರಿಸುತ್ತದೆ. ಎದ್ದು ನಿಲ್ಲಲು ಬೇಕಾದ ಆ ಒಂದೆರಡು ಸೆಕೆಂಡ್ ಸಿಗುವುದು ಹೀಗೆ. ಅಗಲವಿದ್ದರೆ ಪಕ್ಕಕ್ಕೆ ಮಗುಚುವುದು ಕಡಿಮೆ. ವಯಸ್ಕರಿಗೆ 8 ಅಡಿ ಒಳ್ಳೆಯ ಆರಂಭ. ಎತ್ತರ, ತೂಕ ಜಾಸ್ತಿ ಇದ್ದವರು 9 ಅಡಿ ನೋಡಿ.

ಬೋರ್ಡನ್ನು ಪಕ್ಕದಿಂದಲೂ ನೋಡಿ. ತುದಿಯಿಂದ ಬಾಲದವರೆಗಿನ ಬಾಗಿಗೆ ರಾಕರ್ ಅನ್ನುತ್ತಾರೆ. ತೀರಾ ಬಾಗಿದ್ದರೆ ನೀರನ್ನು ತಳ್ಳಿಕೊಂಡು ನಿಧಾನವಾಗುತ್ತದೆ. ಬಾಗೇ ಇಲ್ಲದಿದ್ದರೆ ಇಳಿಜಾರಿನಲ್ಲಿ ಮೂತಿ ನೀರಿಗೆ ಚುಚ್ಚಿಕೊಳ್ಳುತ್ತದೆ. ಮಧ್ಯ ಚಪ್ಪಟೆಯಾಗಿ, ಮೂತಿಯಲ್ಲಿ ಮಾತ್ರ ಸ್ವಲ್ಪ ಎತ್ತಿದ ಬೋರ್ಡ್ ನಮಗೆ ಸರಿ. ಮೂತಿ ದುಂಡಗಿರಲಿ.

ಮೆದುವೋ ಗಟ್ಟಿಯೋ

ನನ್ನ ಮಟ್ಟಿಗೆ ಇದರಲ್ಲಿ ಚರ್ಚೆಯೇ ಇಲ್ಲ, ಮೆದು ಫೋಮ್ ಹೊದಿಕೆಯ ಸಾಫ್ಟ್‌ಟಾಪ್ ತೆಗೆದುಕೊಳ್ಳಿ. ಮೊದಲ ತಿಂಗಳುಗಳಲ್ಲಿ ಬೋರ್ಡ್ ನಮ್ಮ ತಲೆಗೂ ಪಕ್ಕದವರ ತಲೆಗೂ ಬಡಿಯುವ ಸಾಧ್ಯತೆ ಇದ್ದೇ ಇರುತ್ತದೆ. ಫೈಬರ್‌ಗ್ಲಾಸ್ ಬೋರ್ಡಿನ ಪೆಟ್ಟು ಗಾಯ ಮಾಡುತ್ತದೆ. ಮೆದು ಬೋರ್ಡ್ ಪೆಟ್ಟೇ ಕೊಡುವುದಿಲ್ಲ ಅಂತಲ್ಲ, ಏಟಿನ ತೀವ್ರತೆ ಕಡಿಮೆ. ಬೋರ್ಡಿನ ತಳದಲ್ಲಿ ಬಾಲದ ಹತ್ತಿರ ಇರುವ ರೆಕ್ಕೆಗಳು, ಅಂದರೆ ಫಿನ್‌ಗಳೂ ಬಗ್ಗುವ ಪ್ಲಾಸ್ಟಿಕ್ಕಿನವೇ ಇರಲಿ. ಎಷ್ಟು ಫಿನ್ ಅನ್ನುವುದಕ್ಕೆ ಈಗ ತಲೆ ಕೆಡಿಸಿಕೊಳ್ಳಬೇಡಿ, ಬೋರ್ಡ್ ಜೊತೆ ಬಂದದ್ದು ಸಾಕು.

ಹಳೆಯ ಬೋರ್ಡ್ ಕೊಳ್ಳುವುದಾದರೆ

ಫೈಬರ್‌ಗ್ಲಾಸ್ ಬೋರ್ಡ್ ಆದರೆ ಮೇಲ್ಭಾಗವನ್ನೆಲ್ಲ ಹೆಬ್ಬೆರಳಿಂದ ಒತ್ತುತ್ತಾ ಹೋಗಿ. ಎಲ್ಲಾದರೂ ಮೆತ್ತಗೆ ಕುಸಿದರೆ ಹೊದಿಕೆ ಒಳಗಿನ ಫೋಮ್‌ನಿಂದ ಬಿಟ್ಟುಕೊಂಡಿದೆ ಅಂತ ಅರ್ಥ. ಅಡ್ಡಕ್ಕೆ ಮಡಿಕೆಯಂಥ ಗೆರೆ ಇದ್ದರೆ ಬೇಡವೇ ಬೇಡ, ಮುಂದೆ ಮುರಿಯುವುದು ಅಲ್ಲೇ. ಸಾಫ್ಟ್‌ಟಾಪ್‌ನಲ್ಲಿ ಹೊದಿಕೆಯ ಅಂಚು ಎದ್ದಿದೆಯಾ, ತಳದ ಪ್ಲಾಸ್ಟಿಕ್ ಉಬ್ಬಿದೆಯಾ ನೋಡಿ. ಯಾವ ಬೋರ್ಡೇ ಆಗಲಿ, ಗಾತ್ರಕ್ಕೆ ಮೀರಿ ಭಾರ ಅನಿಸಿದರೆ ಒಳಗೆ ನೀರು ಸೇರಿರಬಹುದು.

ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ, ಅಂದರೆ ಲೀಶ್, ಬೋರ್ಡಿನಷ್ಟೇ ಉದ್ದವಿರಲಿ ಅಥವಾ ಒಂದು ಅಡಿ ಜಾಸ್ತಿ. ಹಳೆಯ ಬೋರ್ಡ್ ಜೊತೆ ಬಂದ ಲೀಶ್‌ನಲ್ಲಿ ಸಣ್ಣ ಸೀಳು ಕಂಡರೂ ಹೊಸದು ಹಾಕಿಸಿ. ಅಲೆಯಲ್ಲಿ ಅದು ತುಂಡಾದರೆ 8 ಅಡಿಯ ಬೋರ್ಡ್ ನೇರ ದಡದ ಕಡೆ ಇರುವವರ ಮೇಲೆ ಹೋಗುತ್ತದೆ, ನೀವು ದಡದವರೆಗೆ ಈಜಬೇಕಾಗುತ್ತದೆ.