ಪದ ಪರಿಚಯ: ಸಮಾಧಾನ

ಜಗಳವಾದಾಗ ಮನೆಯ ಹಿರಿಯರು "ಆಯ್ತು ಬಿಡು, ಸಮಾಧಾನ ಮಾಡ್ಕೋ" ಅನ್ನುತ್ತಾರೆ. ಅಲ್ಲಿ ಸಮಾಧಾನ ಅಂದರೆ ಸುಮ್ಮನಾಗು ಅಂತ. ಕನ್ನಡ ಬೈಬಲಿನಲ್ಲಿ ಈ ಪದಕ್ಕೆ ತೂಕ ಜಾಸ್ತಿ. ಯೇಸುವಿನ ಸಂದೇಶ ಸಾರಿದ ಪೌಲ ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ ಅದು ಮುರಿದ ಸಂಬಂಧ ಮತ್ತೆ ಕೂಡುವುದನ್ನು ಹೇಳುತ್ತದೆ. ಅಲ್ಲಿನ ಗ್ರೀಕ್ ಪದ 'ಕತಲ್ಲಗೆ'. ಹಳೆಯ ಗ್ರೀಕರು ದುಡ್ಡು ಬದಲಾಯಿಸಿಕೊಳ್ಳುವುದಕ್ಕೂ ಇದೇ ಪದ ಬಳಸುತ್ತಿದ್ದರು. ನನಗೆ ಈ ಅರ್ಥ ತುಂಬಾ ಮುಖ್ಯ ಅನ್ನಿಸುತ್ತದೆ. ಸಂಬಂಧ ಮತ್ತೆ ಕೂಡಬೇಕಾದರೂ ಏನಾದರೂ ಕೈ ಬದಲಾಗಲೇಬೇಕು ಅಲ್ವಾ?

ಈ ಪದಕ್ಕಾಗಿ ಚರ್ಚುಗಳೇ ಬಡಿದಾಡಿದ ನಾಡು ದಕ್ಷಿಣ ಆಫ್ರಿಕಾ. ಬಿಳಿಯರ ಪಕ್ಕ ಕೂತು ಕಪ್ಪು ಜನ ಪ್ರಭುಭೋಜನ (ಯೇಸುವಿನ ನೆನಪಿಗೆ ಚರ್ಚಿನಲ್ಲಿ ಹಂಚಿಕೊಳ್ಳುವ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಳ್ಳುವುದನ್ನು ಅಲ್ಲಿನ ಕೆಲವು ಬಿಳಿಯರಿಗೆ ಸಹಿಸಲಾಗಲಿಲ್ಲ. 1857ರಲ್ಲಿ ಡಚ್ ರಿಫಾರ್ಮ್ಡ್ ಚರ್ಚು, ಅಂಥವರ 'ಬಲಹೀನತೆ'ಗೆ ಮಣಿದು, ಬೇರೆ ಬೇರೆ ಆರಾಧನೆಗೆ ಒಪ್ಪಿಗೆ ಕೊಟ್ಟಿತು. ಪಂಕ್ತಿಭೇದ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1948ರ ನಂತರ ಸರ್ಕಾರವೇ ವರ್ಣಭೇದವನ್ನು ನೀತಿ ಮಾಡಿಕೊಂಡಾಗ ಅದೇ ಚರ್ಚು ಬೆನ್ನಿಗೆ ನಿಂತಿತು.

1985ರಲ್ಲಿ ಕಪ್ಪು ಜನರ ಬಡಾವಣೆಗಳು ಹೊತ್ತಿ ಉರಿಯುತ್ತಿದ್ದವು. ತುರ್ತು ಪರಿಸ್ಥಿತಿ ಹೇರಿದ್ದರು. ಎರಡೂ ಕಡೆಯವರು ಸಮಾಧಾನವಾಗಿರಿ ಎಂದು ಹಲವು ಚರ್ಚುಗಳು ಬೋಧಿಸುತ್ತಿದ್ದವು. ಆಗ ಕೆಲವು ಪಾದ್ರಿಗಳು, ದೇವತಾಶಾಸ್ತ್ರಜ್ಞರು ಸೇರಿ 'ಕೈರೋಸ್ ದಾಖಲೆ' ಹೊರಡಿಸಿದರು. ಅನ್ಯಾಯ ನಿಲ್ಲದೆ ಸಮಾಧಾನದ ಮಾತಾಡುವುದು ಕ್ರೈಸ್ತ ಧರ್ಮವೇ ಅಲ್ಲ ಎಂದು ಅದು ಖಡಾಖಂಡಿತವಾಗಿ ಹೇಳಿತು. ನನ್ನ ಮಟ್ಟಿಗೆ ಪದದ ಅರ್ಥ ತಿಳಿಯಾದದ್ದು ಅಲ್ಲೇ. ಕತ್ತು ಹಿಸುಕುತ್ತಿರುವವನಿಗೂ ಉಸಿರುಗಟ್ಟುತ್ತಿರುವವನಿಗೂ ಒಂದೇ ಬುದ್ಧಿಮಾತು ಹೇಗೆ ಹೇಳುವುದು?

1990ರ ನವೆಂಬರ್‌ನಲ್ಲಿ ರಸ್ಟನ್‌ಬರ್ಗ್‌ನಲ್ಲಿ ಚರ್ಚುಗಳ ಸಭೆ ಸೇರಿತು. ಡಚ್ ರಿಫಾರ್ಮ್ಡ್ ಚರ್ಚಿನ ಪ್ರಾಧ್ಯಾಪಕ ವಿಲ್ಲಿ ಯೊಂಕರ್ ಎದ್ದು ನಿಂತು, ವರ್ಣಭೇದದಲ್ಲಿ ತನ್ನ ಪಾಲಿನ ಪಾಪವನ್ನೂ ತನ್ನ ಚರ್ಚಿನ ಪಾಪವನ್ನೂ ಒಪ್ಪಿಕೊಂಡರು. ಕಪ್ಪು ಜನರವರೇ ಆದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಲ್ಲೇ ಎದ್ದು ಆ ಅರಿಕೆಯನ್ನು ಸ್ವೀಕರಿಸಿದರು. ನಮ್ಮೆಲ್ಲರ ಪರವಾಗಿ ಕ್ಷಮಿಸಲು ಇವರು ಯಾರು ಎಂದು ಕಪ್ಪು ಜನರಲ್ಲೇ ಕೆಲವರು ಟುಟು ಮೇಲೆ ಸಿಟ್ಟಾದರು. ಆ ಸಿಟ್ಟೂ ನ್ಯಾಯವಾದದ್ದೇ. ಮುಂದೆ, ವರ್ಣಭೇದ ಕಾಲದ ದೌರ್ಜನ್ಯಗಳನ್ನು ವಿಚಾರಿಸಲು ನೇಮಿಸಿದ ಸತ್ಯ ಮತ್ತು ಸಮಾಧಾನ ಆಯೋಗಕ್ಕೂ ಟುಟು ಅವರೇ ಅಧ್ಯಕ್ಷರಾದರು. 1996ರಲ್ಲಿ ವಿಚಾರಣೆ ಶುರುವಾಯಿತು. ಪೂರ್ತಿ ಸತ್ಯ ಹೇಳಿದವರಿಗೆ ಮಾತ್ರ ಶಿಕ್ಷೆಯಿಂದ ಮಾಫಿ ಸಿಗಬಹುದಿತ್ತು. ನೊಂದವರಿಗೆ ಸರ್ಕಾರ ಕೊನೆಗೆ ಕೊಟ್ಟದ್ದು ತಲಾ 30,000 ರಾಂಡ್ (ಅಲ್ಲಿನ ಹಣ). ಆಯೋಗ ಕೇಳಿದ್ದಕ್ಕಿಂತ ಅದು ಬಹಳ ಕಮ್ಮಿ. ಕೈ ಬದಲಾಗಬೇಕಾದದ್ದು ಪೂರ್ತಿ ಬದಲಾಗಲಿಲ್ಲ.

ಆಡ್ರಿಯಾನ್ ಫ್ಲೊಕ್ ವರ್ಣಭೇದ ಸರ್ಕಾರದಲ್ಲಿ ಪೊಲೀಸ್ ಖಾತೆಯ ಮಂತ್ರಿ. ಪಾದ್ರಿ ಫ್ರಾಂಕ್ ಚಿಕಾನೆ ಆಗ ಚರ್ಚುಗಳ ಒಕ್ಕೂಟದ ಪ್ರಧಾನ ಕಾರ್ಯದರ್ಶಿ. 1989ರಲ್ಲಿ ಪೊಲೀಸರು ಚಿಕಾನೆ ಅವರ ಬಟ್ಟೆಗೇ ವಿಷ ಹಾಕಿದ್ದರು. ಅವರು ಬದುಕಿ ಉಳಿದದ್ದೇ ಹೆಚ್ಚು. 2006ರಲ್ಲಿ ಫ್ಲೊಕ್ ಒಂದು ಬೋಗುಣಿ ಹಿಡಿದು ಚಿಕಾನೆ ಅವರ ಆಫೀಸಿಗೆ ಹೋದರು. ಕ್ಷಮೆ ಕೇಳಿ ಅವರ ಕಾಲು ತೊಳೆದರು. ವಿಷಯ ಅಲ್ಲಿಗೆ ಮುಗಿಯಲಿಲ್ಲ. ಮರುವರ್ಷ ಫ್ಲೊಕ್ ಕೋರ್ಟಿನಲ್ಲಿ ನಿಂತು, ಚಿಕಾನೆಯವರನ್ನು ಕೊಲ್ಲಲು ನೋಡಿದ್ದು ನಿಜ ಎಂದು ತಪ್ಪೊಪ್ಪಿಕೊಂಡರು.